ಡ್ರೈವರ್ ಪುಕ್ಕಟೆ ಕೊಡುವವರು ಸೋರ್ಸ್ ಕೋಡ್ ಯಾಕೆ ಕೊಡುವುದಿಲ್ಲ?

ಪ್ರಶ್ನೆ: ಡೊಂಬಿವಲಿಯಲ್ಲಿ ಮದುವೆ, ಮುಂಜಿ, ಸಂಘದ ಕಾರ್ಯಕ್ರಮಗಳ ವಿಡಿಯೋ ಎಡಿಟಿಂಗ್ ಮಾಡಿಕೊಂಡಿದ್ದೇನೆ. ಹೋದ ದೀಪಾವಳಿಗೆ ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿಸಿದೆ. ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ಸಿಸ್ಟಮ್ ಅಪ್‌ಡೇಟ್ ಮಾಡಿದ ಮೇಲೆ ಪರದೆ ಪೂರ್ತಿ ಕಪ್ಪು. ಅಂಗಡಿಯವರು ಪರೀಕ್ಷೆ ಮಾಡಿ, ಕಾರ್ಡ್ ಸರಿಯಾಗಿದೆ, ಕಂಪನಿ ಇದಕ್ಕೆ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ನಿಲ್ಲಿಸಿದೆ ಎಂದರು. ಕಾರ್ಡಿಗೆ ದುಡ್ಡು ಕೊಟ್ಟಿದ್ದೇವೆ, ಡ್ರೈವರನ್ನು ಅವರು ಪುಕ್ಕಟೆಯಾಗಿಯೇ ಹಂಚುತ್ತಾರೆ. ಮಾರದೇ ಇರುವ ವಸ್ತುವಿನ ಸೋರ್ಸ್ ಕೋಡ್ ಕೊಡಲು ಇವರಿಗೇನು ಕಷ್ಟ?

ಉತ್ತರ: ನಿಮ್ಮ ಪರದೆ ಕಪ್ಪಾದದ್ದು ಹೇಗೆ ಎಂಬಲ್ಲಿಂದಲೇ ಶುರು ಮಾಡೋಣ. ನಿಮ್ಮ ದೊಡ್ಡ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಲಿನಕ್ಸ್‌ನ ತಿರುಳಾದ, ಯಂತ್ರಾಂಶಕ್ಕೂ ಬೇರೆಲ್ಲ ಸಾಫ್ಟ್‌ವೇರ್‌ಗೂ ನಡುವೆ ನಿಲ್ಲುವ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಅದರ ಒಳಗಿನ ಫಂಕ್ಷನ್‌ಗಳಲ್ಲಿ (ಡ್ರೈವರ್‌ಗಳು ಕರೆದು ಬಳಸುವ ಕೋಡಿನ ತುಣುಕುಗಳಲ್ಲಿ) ಒಂದಿಷ್ಟು ಬದಲಾವಣೆ ಆಗುತ್ತದೆ. ಒಂದಕ್ಕೆ ಹೊಸ ಆರ್ಗ್ಯುಮೆಂಟ್ ಸೇರುತ್ತದೆ, ಇನ್ನೊಂದರ ಹೆಸರು ಬದಲಾಗುತ್ತದೆ, ಮತ್ತೊಂದನ್ನು ತೆಗೆದೇ ಹಾಕುತ್ತಾರೆ. ಡ್ರೈವರ್‌ನ ಕೋಡ್ ಕರ್ನಲ್‌ನೊಳಗೇ ಇದ್ದರೆ ಇದರಿಂದ ಬಳಸುವವರಿಗೆ ಏನೂ ತೊಂದರೆಯಿಲ್ಲ. ಫಂಕ್ಷನ್ ಬದಲಿಸಿದವರೇ ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಿದ್ದಿ ಕೊಡಬೇಕು. ಅದು ಅಲ್ಲಿನ ಕಟ್ಟಳೆ. ಮುಚ್ಚಿದ ಡ್ರೈವರ್ ಈ ಕಟ್ಟಳೆಯ ಹೊರಗೆ ಬೆಳೆದದ್ದು. ಅದರ ತಿರುಳು ಕಂಪನಿಯಲ್ಲೇ ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ಬದಲಾಗಿ, ಬಂದ ಬೈನರಿ, ಅದರ ಸುತ್ತಲಿನ ತೆಳುವಾದ ಒಂದು ಪದರದ ಸೋರ್ಸ್ ಮಾತ್ರ ನಮ್ಮ ಕೈಗೆ ಸಿಗುತ್ತದೆ. ನೀವು ಅಪ್‌ಡೇಟ್ ಮಾಡಿದಾಗಲೆಲ್ಲ ಡಿಕೆಎಂಎಸ್ ಎಂಬ ವ್ಯವಸ್ಥೆ ಆ ಪದರವನ್ನು ಹೊಸ ಕರ್ನಲ್‌ಗೆ ತಕ್ಕಂತೆ ನಿಮ್ಮ ಕಂಪ್ಯೂಟರಿನಲ್ಲೇ ಮತ್ತೆ ಕಂಪೈಲ್ ಮಾಡುತ್ತದೆ. ಕಂಪನಿ ಆ ಪದರವನ್ನು ಕಾಲಕಾಲಕ್ಕೆ ತಿದ್ದುತ್ತಿರುವವರೆಗೆ ಎಲ್ಲ ಸುಸೂತ್ರ. ತಿದ್ದುವುದನ್ನು ನಿಲ್ಲಿಸಿದ ಮೇಲೆ ಒಂದಲ್ಲ ಒಂದು ದಿನ ಯಾವುದೋ ಒಂದು ಫಂಕ್ಷನ್ ಹೊಂದುವುದಿಲ್ಲ, ಕಂಪೈಲ್ ನಡುವೆಯೇ ನಿಲ್ಲುತ್ತದೆ, ಕರ್ನಲ್‌ಗೆ ಸೇರಬೇಕಾದ ಡ್ರೈವರ್ ತುಂಡು, ಅಂದರೆ ಮಾಡ್ಯೂಲ್, ಲೋಡ್ ಆಗುವುದಿಲ್ಲ, ಪರದೆಯಲ್ಲಿ ಏನೂ ಮೂಡುವುದಿಲ್ಲ. ನಿಮಗೆ ಆಗಿರುವುದು ಬಹುಮಟ್ಟಿಗೆ ಇದೇ. ಎಷ್ಟೋ ಸಲ ನಾಲ್ಕೈದು ಸಾಲು ತಿದ್ದಿದರೆ ಮುಗಿಯುವ ಕೆಲಸ. ತೊಡಕು ತೆಳು ಪದರದಲ್ಲಿದ್ದರೆ ಹೊರಗಿನವರೂ ತಿದ್ದುತ್ತಾರೆ, ಇಂಟರ್ನೆಟ್‌ನಲ್ಲಿ ಅಂಥ ಪ್ಯಾಚ್‌ಗಳು ಸಿಗುತ್ತವೆ. ಬೈನರಿಯೊಳಗಿದ್ದರೆ ದಾರಿಯಿಲ್ಲ.

ನಾನು ಪುಣೆಯ ಹಿಂಜವಡಿಯಲ್ಲಿ ಸಣ್ಣ ಬೋರ್ಡುಗಳಿಗೆ ಡ್ರೈವರ್ ಬರೆಯುವ ಕೆಲಸದಲ್ಲಿದ್ದೇನೆ. ನಮ್ಮ ಕೆಲಸದಲ್ಲೂ ಇದೇ ಕಥೆ. ಬೋರ್ಡಿನ ಬೇರೆಲ್ಲ ಭಾಗಕ್ಕೆ ಹೊಸ ಕರ್ನಲ್ ಹಾಕಬಹುದು. ಗ್ರಾಫಿಕ್ಸ್ ಭಾಗಕ್ಕೆ ಬಂದ ಬೈನರಿ ಮಾತ್ರ ಹಳೆಯ ಒಂದು ಆವೃತ್ತಿಗೆ ಅಂಟಿಕೊಂಡಿರುತ್ತದೆ. ಅದೊಂದಕ್ಕಾಗಿ ಇಡೀ ಬೋರ್ಡ್ ಸೆಕ್ಯುರಿಟಿ ತಿದ್ದುಪಡಿಗಳಿಲ್ಲದೆ ಹಳೆಯ ಕರ್ನಲ್‌ನಲ್ಲೇ ಉಳಿಯಬೇಕಾಗುತ್ತದೆ. ಹಾಗಾಗಿ ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು, ಯಾಕೆ ಕೊಡುವುದಿಲ್ಲ ಎಂಬುದು. ಮಾರದೇ ಇರುವ ವಸ್ತು ಎಂದಿರಿ. ಆದರೆ ಗ್ರಾಫಿಕ್ಸ್ ಕಾರ್ಡಿನ ಮಟ್ಟಿಗೆ ಡ್ರೈವರ್ ಕಾರ್ಡಿನ ಜೊತೆಗೆ ಬರುವ ಬಿಡಿಭಾಗವಲ್ಲ. ನೀವು ದುಡ್ಡು ಕೊಟ್ಟ ವಸ್ತುವಿನ ಬಹುದೊಡ್ಡ ಪಾಲು ಅದರೊಳಗೇ ಇದೆ. ಸಿಪಿಯು ಜೊತೆ ಹೋಲಿಸಿ ನೋಡಿ. ಇಂಟೆಲ್ ಸಿಪಿಯುವಿನ ಇನ್‌ಸ್ಟ್ರಕ್ಷನ್‌ಗಳ ಕೈಪಿಡಿ ಸಾವಿರಾರು ಪುಟದ್ದು, ಯಾರು ಬೇಕಾದರೂ ಓದಬಹುದು. 1978ರ 8086 ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನು ಇಂದಿನ ಚಿಪ್‌ಗಳೂ ಬಲ್ಲವು. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್, ಹಾಗಲ್ಲ. ಒಂದೆರಡು ತಲೆಮಾರಿಗೊಮ್ಮೆ ಅದರ ಒಳಗಿನ ಭಾಷೆಯೇ ಬದಲಾಗಿಬಿಡುತ್ತದೆ. ಆಟವಾಗಲಿ ಎಡಿಟಿಂಗ್ ಸಾಫ್ಟ್‌ವೇರ್ ಆಗಲಿ ಆ ಭಾಷೆಯಲ್ಲಿ ನೇರವಾಗಿ ಮಾತಾಡುವುದಿಲ್ಲ. ಓಪನ್‌ಜಿಎಲ್, ವಲ್ಕನ್‌ನಂಥ ಸಾಮಾನ್ಯ ಭಾಷೆಯಲ್ಲಿ ಹೇಳುತ್ತವೆ. ಅದನ್ನು ಚಿಪ್‌ಗೆ ತಿಳಿಯುವಂತೆ ಮಾಡುವ ಪೂರ್ತಿ ಕಂಪೈಲರ್ ಡ್ರೈವರ್‌ನಲ್ಲಿದೆ. ಮೆಮೊರಿ ಹಂಚುವುದು, ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸುವುದು, ಗಡಿಯಾರದ ವೇಗ ಏರಿಸಿ ಇಳಿಸುವುದು, ವಿಡಿಯೋ ಬಿಚ್ಚುವುದು ಎಲ್ಲವೂ ಅಲ್ಲೇ. ಚಿಪ್‌ನ ಒಳರಚನೆ ಹೊರಗಿನವರಿಗೆ ಕಾಣುವ ಜಾಗ ಅದೊಂದೇ. ಕಂಪನಿಗಳು ಮೊದಲು ಕೊಡುವ ಕಾರಣವೂ ಇದೇ: ಕೋಡ್ ಬಿಟ್ಟುಕೊಟ್ಟರೆ ಎದುರಾಳಿಗೆ ನಮ್ಮ ಚಿಪ್ ಬಿಚ್ಚಿ ತೋರಿಸಿದಂತೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನ್ನ ಲೆಕ್ಕ. ದೊಡ್ಡ ಎದುರಾಳಿ ಕಂಪನಿಗೆ ಚಿಪ್ ಬಿಡಿಸಿ ನೋಡುವ ಪ್ರಯೋಗಾಲಯ ಇರುತ್ತದೆ, ಬೈನರಿಯನ್ನು ಬಿಡಿಸಿ ಓದಬಲ್ಲ ಇಂಜಿನಿಯರುಗಳಿರುತ್ತಾರೆ. ಅವರಿಂದ ಮುಚ್ಚಿಡುವುದು ಅಷ್ಟು ಸುಲಭವಲ್ಲ. ನಿಜವಾಗಿ ಬಚ್ಚಿಡುವ ವಸ್ತು ಬೇರೆಯೇ ಇದೆ. ವರ್ಷಗಟ್ಟಲೆ ಒಂದೊಂದು ಆಟಕ್ಕೂ ಕೂತು ಮಾಡಿದ ಕುಸುರಿ ಕೆಲಸ ಡ್ರೈವರ್‌ನಲ್ಲಿ ತುಂಬಿರುತ್ತದೆ. ಡ್ರೈವರ್ ಆಟವನ್ನು ಗುರುತು ಹಿಡಿದು, ಆಟದವರು ಬರೆದ ಶೇಡರ್ (ಚಿತ್ರದ ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಬದಲು ತಾನೇ ಬರೆದಿಟ್ಟ ಚುರುಕಾದ ಶೇಡರ್ ಹಾಕುವುದೂ ಉಂಟು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನಲ್ಲಿ ಇದು ಬಯಲಾಯಿತು: ಕ್ವೇಕ್ 3 ಆಟದ ಫೈಲಿನ ಹೆಸರನ್ನು ಕ್ವ್ಯಾಕ್ ಎಂದು ಬದಲಿಸಿದರೆ ವೇಗ ಇಳಿಯುತ್ತಿತ್ತು, ಚಿತ್ರದ ಗುಣಮಟ್ಟ ಏರುತ್ತಿತ್ತು. 2003ರಲ್ಲಿ ಕಾರ್ಡಿನ ವೇಗ ಅಳೆಯುವ 3ಡಿಮಾರ್ಕ್ ಪರೀಕ್ಷೆಯ ವಿಷಯದಲ್ಲಿ ಎನ್ವಿಡಿಯಾ ಮೇಲೂ ಇಂಥದೇ ಆರೋಪ ಬಂತು. ಇವುಗಳಲ್ಲಿ ಜಾಣತನವೂ ಇದೆ, ಮುಜುಗರವೂ ಇದೆ. ಎರಡನ್ನೂ ಜನರ ಮುಂದಿಡಲು ಕಂಪನಿಗೆ ಇಷ್ಟವಿಲ್ಲ.

ಅವರು ಬಾಯಿಬಿಟ್ಟು ಹೇಳದ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ: ಒಂದೇ ಚಿಪ್ಪನ್ನು ಬೇರೆ ಬೇರೆ ಬೆಲೆಗೆ ಮಾರುವುದು. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಅದೇ ಅಡುಗೆಮನೆಯ ಅದೇ ಮಸಾಲೆದೋಸೆಗೆ ಎ.ಸಿ. ಹಾಲ್‌ನಲ್ಲಿ ಬೇರೆ ದರ ಇರುತ್ತದಲ್ಲ, ಹಾಗೆ. ಹೋಟೆಲಿನಲ್ಲಿ ನಡುವೆ ಗೋಡೆ ಇದೆ, ಇಲ್ಲಿ ಆ ಗೋಡೆ ಬಹುಪಾಲು ಡ್ರೈವರ್‌ನೊಳಗಿದೆ. ನಿಮ್ಮ ಕಸುಬಿನದೇ ಉದಾಹರಣೆ ಕೊಡುತ್ತೇನೆ. ಎನ್ವಿಡಿಯಾದ ಜಿಫೋರ್ಸ್ ಕಾರ್ಡುಗಳಲ್ಲಿ ಏಕಕಾಲಕ್ಕೆ ಎಷ್ಟು ವಿಡಿಯೋ ಎನ್‌ಕೋಡ್ ಮಾಡಬಹುದು ಎಂಬುದಕ್ಕೆ ಮಿತಿ ಇದೆ. ಬಹಳ ಕಾಲ ಅದು 2 ಇತ್ತು, ಆಮೇಲೆ 3 ಆಯಿತು, 2023ರಲ್ಲಿ 5, ಮರುವರ್ಷ 8. ಜನ ಆಗಲೇ ಕೊಂಡಿದ್ದ ಕಾರ್ಡುಗಳಿಗೂ ಹೊಸ ಮಿತಿ ಅನ್ವಯವಾಯಿತು. ಚಿಪ್‌ನಲ್ಲಿ ಏನೂ ಬದಲಾಗಿರಲಿಲ್ಲ, ಡ್ರೈವರ್‌ನಲ್ಲಿದ್ದ ಒಂದು ಅಂಕಿ ಬದಲಾಗಿತ್ತು, ಅಷ್ಟೇ. ಅದೇ ಚಿಪ್ ಇರುವ ದುಬಾರಿ ವೃತ್ತಿಪರ ಕಾರ್ಡುಗಳ ಬಹುಪಾಲಿಗೆ ಈ ಮಿತಿ ಇಲ್ಲ. ಸೋರ್ಸ್ ಕೋಡ್ ಕೈಗೆ ಬಂದರೆ ಆ ಅಂಕಿಯನ್ನು ಯಾರು ಬೇಕಾದರೂ ಅಳಿಸಿ ಕಂಪೈಲ್ ಮಾಡಿಕೊಳ್ಳಬಹುದು. ಆಮೇಲೆ ದುಬಾರಿ ಕಾರ್ಡನ್ನು ಯಾರು ಕೊಳ್ಳುತ್ತಾರೆ?

2021ರಲ್ಲಿ ನಡೆದದ್ದು ಇದಕ್ಕಿಂತ ಸ್ಪಷ್ಟ. ಕ್ರಿಪ್ಟೋ ಗಣಿಗಾರಿಕೆಯವರು ಕಾರ್ಡುಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದ ಕಾಲ. ಎನ್ವಿಡಿಯಾ ಆ ಫೆಬ್ರವರಿಯಲ್ಲಿ ತಂದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ ಇಥೀರಿಯಮ್ ಗಣಿಗಾರಿಕೆಯ ವೇಗವನ್ನು ಅರ್ಧಕ್ಕೆ ಇಳಿಸುವ ತಡೆ ಹಾಕಿತ್ತು. ಮರುತಿಂಗಳೇ ಕಂಪನಿಯ ಒಂದು ಬೀಟಾ ಡ್ರೈವರ್‌ನಲ್ಲಿ, ಕಣ್ತಪ್ಪಿನಿಂದ, ಕೆಲವು ಸಂದರ್ಭಗಳಲ್ಲಿ ಆ ತಡೆಯನ್ನು ತೆಗೆಯುವ ಕೋಡ್ ಉಳಿದುಬಿಟ್ಟಿತ್ತು. ಒಂದು ಫೈಲ್ ಹೊರಬಿದ್ದಿತು, ಮಾರಾಟದ ತಂತ್ರವೇ ಸಡಿಲಾಯಿತು. ಡ್ರೈವರನ್ನು ಇವರು ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದು ಯಾಕೆ ಎಂದು ಈ ಒಂದು ಘಟನೆಯಿಂದಲೇ ತಿಳಿಯುತ್ತದೆ.

ಇಷ್ಟರ ಮೇಲೆ, ಕೊಡಬೇಕೆಂದರೂ ಕೊಡಲಾಗದ ಭಾಗಗಳೂ ಇವೆ. ಇಲ್ಲಿ ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಂಟೆಲ್ ತನ್ನ ಗ್ರಾಫಿಕ್ಸ್‌ಗೆ ಲಿನಕ್ಸ್‌ನಲ್ಲಿ ಮುಕ್ತ ಡ್ರೈವರ್ ಕೊಡುತ್ತ ಬಂದ ಕಂಪನಿ. ಆದರೂ ಹಿಂದೆ ನೆಟ್‌ಬುಕ್‌ಗಳಲ್ಲಿ ಬರುತ್ತಿದ್ದ ಜಿಎಂಎ 500 ಎಂಬ ಗ್ರಾಫಿಕ್ಸ್ ಲಿನಕ್ಸ್ ಬಳಕೆದಾರರನ್ನು ಗೋಳುಹೊಯ್ದುಕೊಂಡಿತು. ಅದರೊಳಗಿನ ಪವರ್‌ವಿಆರ್ ಭಾಗ ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್‌ನಿಂದ ಲೈಸೆನ್ಸ್ ಪಡೆದದ್ದು. ಅದರ ಕೋಡ್ ಹಂಚುವ ಹಕ್ಕು ಇಂಟೆಲ್‌ಗೆ ಇರಲಿಲ್ಲ. ಆ ಇಮ್ಯಾಜಿನೇಷನ್ ಕಂಪನಿ ತಾನೇ ಮುಕ್ತ ಡ್ರೈವರ್ ಬರೆದು ಕೊಡಲು ಮುಂದಾದದ್ದು 2022ರಲ್ಲಿ.

ಸಿನಿಮಾದವರ ಕರಾರುಗಳು ಮತ್ತೊಂದು ಗಂಟು. ಬ್ಲೂ-ರೇ ಡಿಸ್ಕ್, ಓಟಿಟಿ ಚಿತ್ರಗಳು ನಕಲಾಗದಂತೆ ಕಾಪಾಡುತ್ತೇವೆ ಎಂದು ಕಾರ್ಡ್ ತಯಾರಕರು ಬರೆದುಕೊಟ್ಟಿರುತ್ತಾರೆ. ವಿಡಿಯೋ ಬಿಚ್ಚುವ ಯಂತ್ರಾಂಶ ಮತ್ತು ಆ ಕಾವಲು ಚಿಪ್‌ನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಟಿಐಯನ್ನು ಕೊಂಡುಕೊಂಡ ಎಎಂಡಿ ಕಂಪನಿ 2007ರಲ್ಲೇ ಮುಕ್ತ ಡ್ರೈವರ್‌ನ ದಾರಿ ಹಿಡಿದಿದ್ದರೂ ಯುವಿಡಿ ಎಂಬ ವಿಡಿಯೋ ಭಾಗದ ಮುಕ್ತ ಕೋಡ್ ಹೊರಬರಲು 2013 ಆಯಿತು. ಕಾವಲಿನ ಗುಟ್ಟು ಜೊತೆಗೆ ಹೊರಬಂದೀತೇ ಎಂಬ ಭಯಕ್ಕೆ ವಕೀಲರ ಪರಿಶೀಲನೆ ಅಷ್ಟು ಕಾಲ ಎಳೆಯಿತು. ಎಚ್‌ಡಿಎಂಐ ಕಥೆ ಇನ್ನೂ ಬೇಸರದ್ದು. 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ತೋರಿಸಲು ಬೇಕಾದ ಎಚ್‌ಡಿಎಂಐ 2.1ರ ಕೋಡನ್ನು ಎಎಂಡಿ ಬರೆದು ಸಿದ್ಧಪಡಿಸಿತ್ತು, ಮುಕ್ತವಾಗಿ ಬಿಡಲು ಅನುಮತಿ ಕೇಳಿತ್ತು. 2024ರ ಫೆಬ್ರವರಿಯಲ್ಲಿ, ಎಚ್‌ಡಿಎಂಐ ನಿಯಮಗಳನ್ನು ರೂಪಿಸುವ ಎಚ್‌ಡಿಎಂಐ ಫೋರಂ ಅದನ್ನು ನಿರಾಕರಿಸಿದೆ ಎಂದು ಕಂಪನಿಯ ಇಂಜಿನಿಯರ್ ತಿಳಿಸಿದರು. ಕೊಡಲು ತಯಾರಿದ್ದವರ ಕೈಯನ್ನೂ ಮೂರನೆಯವರು ಹಿಡಿದರು.

ಪೇಟೆಂಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗ್ರಾಫಿಕ್ಸ್‌ನಲ್ಲಿ ಯಾರದೋ ಪೇಟೆಂಟ್ ತುಳಿಯದೆ ಹೆಜ್ಜೆ ಇಡುವುದೇ ಕಷ್ಟ. ಕೋಡ್ ಮುಚ್ಚಿದ್ದರೆ ತುಳಿದದ್ದನ್ನು ಸಾಬೀತು ಮಾಡಲು ದಾವೆ ಹೂಡಿದವರು ಒದ್ದಾಡಬೇಕು. ತೆರೆದಿದ್ದರೆ ಸಾಕ್ಷಿ ಪುಟ ತೆರೆದಷ್ಟು ಸುಲಭ. ಎಸ್3ಟಿಸಿ ಎಂಬ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಕುಗ್ಗಿಸುವ ವಿಧಾನ ಎಷ್ಟೋ ಆಟಗಳಿಗೆ ಬೇಕಾಗಿತ್ತು. ಅದರ ಪೇಟೆಂಟ್ 2017ರ ಅಕ್ಟೋಬರಿನಲ್ಲಿ ಮುಗಿಯುವವರೆಗೆ ಮುಕ್ತ ಡ್ರೈವರ್‌ಗಳ ತಾಯಿಬೇರಾದ ಮೆಸಾ ಅದನ್ನು ತನ್ನೊಳಗೆ ಸೇರಿಸಿಕೊಳ್ಳಲಿಲ್ಲ. ನಿಮ್ಮ ಕೆಲಸಕ್ಕೆ ತಾಗುವ ಇನ್ನೊಂದು ಸಂಗತಿ: 2022ರಲ್ಲಿ ಫೆಡೋರಾ ಲಿನಕ್ಸ್ ಪೇಟೆಂಟ್ ಅಂಜಿಕೆಯಿಂದಲೇ ಎಚ್.264, ಎಚ್.265 ವಿಡಿಯೋಗಳ ಯಂತ್ರಾಂಶ ನೆರವನ್ನು ತನ್ನ ಮೆಸಾದಿಂದ ತೆಗೆದುಹಾಕಿತು. ಫೆಡೋರಾ ಬಳಸುವುದಾದರೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಾಫ್ಟ್‌ವೇರ್ ಭಂಡಾರದಿಂದ ಆ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು.

ಹಾಗಾದರೆ ಕೋಡ್ ತೆರೆದವರು ಮುಳುಗಿಹೋದರೇ? ಇಲ್ಲ. ಎಟಿಐಯನ್ನು ಕೊಂಡುಕೊಂಡ ಮರುವರ್ಷ, 2007ರಲ್ಲಿ, ಎಎಂಡಿ ಚಿಪ್‌ಗಳ ದಾಖಲೆಪತ್ರ ಬಿಡುಗಡೆ ಮಾಡತೊಡಗಿತು. 2015ರಲ್ಲಿ ಎಎಂಡಿಜಿಪಿಯು ಎಂಬ ಹೊಸ ಡ್ರೈವರ್ ಕರ್ನಲ್‌ಗೆ ಬಂತು. ದಾರಿ ಸಲೀಸಾಗಿರಲಿಲ್ಲ. 2016ರಲ್ಲಿ ಕಂಪನಿ ಡಿಸ್‌ಪ್ಲೇ ಭಾಗಕ್ಕೆಂದು ಲಕ್ಷ ಸಾಲಿನ ಆಸುಪಾಸಿನ ಕೋಡ್ ತಂದು ಒಪ್ಪಿಸಿದಾಗ ಕರ್ನಲ್‌ನ ಗ್ರಾಫಿಕ್ಸ್ ಹೊಣೆ ಹೊತ್ತಿದ್ದ ಡೇವ್ ಏರ್ಲಿ ಅದನ್ನು ಖಡಾಖಂಡಿತವಾಗಿ ತಿರಸ್ಕರಿಸಿದರು. ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಕೋಡ್ ನಡೆಯಲಿ ಎಂದು ನಡುವೆ ಹಾಕಿದ ಪದರ ನಮಗೆ ಬೇಡ, ನಮ್ಮ ರೀತಿಯಲ್ಲಿ ಬರೆದು ತನ್ನಿ ಎಂಬುದು ಅವರ ಪಟ್ಟು. ಕಂಪನಿ ತಿದ್ದಿ ಬರೆದು ತಂದು, 4.15ನೇ ಆವೃತ್ತಿಗೆ ಅದು ಸೇರಿತು. ತೆರೆಯುವುದೆಂದರೆ ಫೈಲುಗಳನ್ನು ಇಂಟರ್ನೆಟ್‌ಗೆ ಏರಿಸಿ ಕೈತೊಳೆದುಕೊಳ್ಳುವುದಲ್ಲ. ಹೊರಗಿನವರ ಮಾತು ಕೇಳುವ ಇಂಜಿನಿಯರುಗಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಈ ಖರ್ಚು, ಈ ಅಧೀನತೆ ಎರಡೂ ಕಂಪನಿಗಳಿಗೆ ಒಗ್ಗುವುದಿಲ್ಲ. ಆದರೆ ಫಲ ನೋಡಿ. ಮೆಸಾದಲ್ಲಿ ಹೊರಗಿನವರು ಶುರು ಮಾಡಿದ ಆರ್‌ಎಡಿವಿ ಎಂಬ ವಲ್ಕನ್ ಡ್ರೈವರ್ ಎಷ್ಟು ಚೆನ್ನಾಗಿ ಬೆಳೆಯಿತೆಂದರೆ 2025ರಲ್ಲಿ ಎಎಂಡಿ ತನ್ನದೇ ಡ್ರೈವರನ್ನು ಕೈಬಿಟ್ಟು ಅದಕ್ಕೇ ಬೆಂಬಲ ಕೊಟ್ಟಿತು. 2012ರ ರೇಡಿಯಾನ್ ಎಚ್‌ಡಿ 7000 ಸರಣಿಗೆ ಕಂಪನಿ 2021ರಲ್ಲಿ ವಿಂಡೋಸ್ ಡ್ರೈವರ್ ನಿಲ್ಲಿಸಿತು. ಲಿನಕ್ಸ್‌ನಲ್ಲಿ ಆ ಕಾರ್ಡುಗಳು ಆಮೇಲೂ ಹೊಸ ಕರ್ನಲ್‌ನ ಜೊತೆ ನಡೆಯುತ್ತಲೇ ಬಂದಿವೆ.

ಎನ್ವಿಡಿಯಾ ಕಡೆಯ ಇತಿಹಾಸ ಇದಕ್ಕೆ ವಿರುದ್ಧ. ಕಂಪನಿ ಕೊಡದಿದ್ದನ್ನು ನೂವೋ ಎಂಬ ಯೋಜನೆಯ ಸ್ವಯಂಸೇವಕರು ಕಾರ್ಡಿಗೆ ಹೋಗುವ ಬರುವ ಸಂಕೇತಗಳನ್ನು ಗಮನಿಸಿ, ಚಿಪ್‌ನ ಒಂದೊಂದು ರಿಜಿಸ್ಟರ್ (ಆಜ್ಞೆ ಬರೆಯುವ ಪುಟ್ಟ ಜಾಗ) ಏನು ಮಾಡುತ್ತದೆಂದು ಊಹಿಸಿ, ಪರೀಕ್ಷಿಸಿ ಬರೆದರು. 2010ರಲ್ಲಿ ಅದು ಕರ್ನಲ್ ಸೇರಿತು. ಈ ಜನರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ 2014ರ ಎರಡನೇ ಪೀಳಿಗೆಯ ಮ್ಯಾಕ್ಸ್‌ವೆಲ್ ಕಾರ್ಡುಗಳಿಂದ ಮುಂದಕ್ಕೆ, ಕಂಪನಿಯ ಡಿಜಿಟಲ್ ಸಹಿ ಇಲ್ಲದ ಫರ್ಮ್‌ವೇರನ್ನು (ಕಾರ್ಡಿನೊಳಗೇ ನಡೆಯುವ ಸಾಫ್ಟ್‌ವೇರ್) ಚಿಪ್ ಒಪ್ಪದಂತಾಯಿತು. ಗಡಿಯಾರದ ವೇಗ ಏರಿಸಲು ಆ ಫರ್ಮ್‌ವೇರ್ ಬೇಕೇ ಬೇಕು. ಹೀಗಾಗಿ ನೂವೋ ಕೆಳಗೆ ಆ ಕಾರ್ಡುಗಳು ಬೂಟ್ ಆದಾಗಿನ ಮಂದ ವೇಗದಲ್ಲೇ ತೆವಳಬೇಕಾಯಿತು. ಅದಕ್ಕೂ ಮೊದಲೇ, 2012ರಲ್ಲಿ, ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಎನ್ವಿಡಿಯಾಕ್ಕೆ ಬೆರಳೆತ್ತಿ ಬೈದದ್ದು ನಿಮಗೂ ನೆನಪಿರಬಹುದು.

ಕಡೆಗೆ ಕಂಪನಿ ಮಣಿದದ್ದು ಬೈಗುಳಕ್ಕಲ್ಲ, ಗಿರಾಕಿಗೆ ಎಂದೇ ನನ್ನ ನಂಬಿಕೆ. ಇಲ್ಲಿ ಪುಣೆಯಲ್ಲೇ ಸರಕಾರಿ ಸಂಸ್ಥೆ ಸಿ-ಡ್ಯಾಕ್‌ನ ಪರಮ್ ಸಿದ್ಧಿ-ಎಐ ಇದೆ; 2020ರ ನವೆಂಬರಿನಲ್ಲಿ ಜಗತ್ತಿನ ಟಾಪ್500 ಸೂಪರ್ ಕಂಪ್ಯೂಟರುಗಳಲ್ಲಿ 63ನೇ ಸ್ಥಾನ ಪಡೆದದ್ದು, ನಡೆಯುವುದು ಎನ್ವಿಡಿಯಾದ ಎ100 ಚಿಪ್‌ಗಳ ಮೇಲೆ. ಅಂಥ ಯಂತ್ರಗಳ ಲೋಕವೆಲ್ಲ ಲಿನಕ್ಸ್‌ನದೇ. ನೂರಾರು ಜಿಪಿಯು ಕೊಳ್ಳುವ ಗಿರಾಕಿಗೆ ಕರ್ನಲ್ ಕುಸಿದಾಗ ತಪ್ಪು ಎಲ್ಲಿದೆ ಎಂದು ತಾನೇ ನೋಡಬೇಕು, ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್‌ಗೆ ಮಾಡ್ಯೂಲಿನ ಸಹಿ ಸರಿಹೊಂದಬೇಕು. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲಿನ ಸೋರ್ಸ್ ಬಿಡುಗಡೆ ಮಾಡಿತು. 2018ರ ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ ಅದು ಅನ್ವಯ. ಆ ಚಿಪ್‌ಗಳಲ್ಲಿ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಇದೆ. ಮೊದಲು ಡ್ರೈವರ್‌ನಲ್ಲಿದ್ದ ಗುಟ್ಟಿನ ಕೆಲಸಗಳು ಹತ್ತಾರು ಎಂಬಿಯ ಫರ್ಮ್‌ವೇರ್ ಆಗಿ ಅದರೊಳಗೆ ಹೋಗಿ ಕೂತಿವೆ. ಓಪನ್‌ಜಿಎಲ್, ವಲ್ಕನ್, ಲೆಕ್ಕಾಚಾರಕ್ಕೆ ಬಳಸುವ ಕುಡಾ ಭಾಗಗಳು ಈಗಲೂ ಮುಚ್ಚಿಯೇ ಇವೆ. ಬೀಗ ಒಂದು ಮಹಡಿ ಕೆಳಗಿಳಿಯಿತು, ತೆಗೆಯಲಿಲ್ಲ. ಆದರೂ ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಫರ್ಮ್‌ವೇರ್ ಬಳಸಿಕೊಂಡೇ ನೂವೋ ಈಗ ಹೊಸ ಕಾರ್ಡುಗಳನ್ನು ಪೂರ್ಣ ವೇಗದಲ್ಲಿ ಓಡಿಸಬಲ್ಲದು, ಮೆಸಾದಲ್ಲಿ ಎನ್‌ವಿಕೆ ಎಂಬ ಮುಕ್ತ ವಲ್ಕನ್ ಡ್ರೈವರ್ ಬೆಳೆದಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಬೇಕೆಂದರೆ: ಮೂರನೆಯವರ ಲೈಸೆನ್ಸ್, ಪೇಟೆಂಟ್ ಭಯ ಇವು ಒಪ್ಪತಕ್ಕ ಅಡ್ಡಿಗಳು. ಬೆಲೆಯ ಗೋಡೆ ಕಾಯಲು ಕೋಡ್ ಮುಚ್ಚುವುದು ವ್ಯಾಪಾರ. ಅದನ್ನು ತಾಂತ್ರಿಕ ಅನಿವಾರ್ಯತೆ ಎಂದು ನಾವು ಒಪ್ಪಬೇಕಿಲ್ಲ. ಮಾರಾಟ ಮುಗಿದು, ಬೆಂಬಲವನ್ನೂ ನಿಲ್ಲಿಸಿದ ಕಾರ್ಡಿನಲ್ಲಿ ಕಾಯಬೇಕಾದ ಲಾಭವೇ ಉಳಿದಿಲ್ಲ. ಆ ಹೊತ್ತಿಗಾದರೂ ರಿಜಿಸ್ಟರುಗಳ ದಾಖಲೆ, ಸಹಿ ಮಾಡಿದ ಫರ್ಮ್‌ವೇರ್ ಇವೆರಡನ್ನು ಬಿಟ್ಟುಕೊಡಬೇಕು. ಸೆಕೆಂಡ್ ಹ್ಯಾಂಡ್ ಸಾಮಾನಿನಿಂದ ಕಸುಬು ಕಟ್ಟಿಕೊಳ್ಳುವವರು ಮುಂಬೈಯಲ್ಲಿ ನೀವೊಬ್ಬರೇ ಅಲ್ಲ. ಸರಿಯಿರುವ ಕಾರ್ಡನ್ನು ಗುಜರಿಗೆ ಹಾಕಿಸುವುದು ಅನ್ಯಾಯ.

ಸದ್ಯಕ್ಕೆ ನೀವು ಮಾಡಬೇಕಾದದ್ದು: ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನು (ಯಾವ ಕರ್ನಲ್ ಬೇಕೆಂದು ಕೇಳುವ ಪಟ್ಟಿ) ತೆರೆದು, ಮುಂದುವರಿದ ಆಯ್ಕೆಗಳಲ್ಲಿ ಹಿಂದಿನ ಕರ್ನಲ್ ಆರಿಸಿ. ಅದು ಇನ್ನೂ ಅಲ್ಲೇ ಇರುತ್ತದೆ, ಪರದೆ ಮರಳುವ ಸಂಭವ ಹೆಚ್ಚು. ಆಮೇಲೆ ಆ ಡ್ರೈವರ್ ಒಪ್ಪುವ ಕರ್ನಲ್ ಇರುವ ದೀರ್ಘಕಾಲ ಬೆಂಬಲದ ಆವೃತ್ತಿಗೆ ಹೋಗಿ. ಮುಂದೆ ಕಾರ್ಡ್ ಕೊಳ್ಳುವಾಗ ಹಳೆಯ ಜಿಫೋರ್ಸ್ 900, 1000 ಸರಣಿಗಳಿಂದ ದೂರವಿರಿ. ಅವುಗಳಲ್ಲಿ ಜಿಎಸ್‌ಪಿಯೂ ಇಲ್ಲ, ನೂವೋಗೆ ವೇಗ ಏರಿಸುವ ದಾರಿಯೂ ಇಲ್ಲ. ಎನ್ವಿಡಿಯಾ 580ನೇ ಡ್ರೈವರ್ ಸರಣಿಯೇ ಅವಕ್ಕೆ ಕಡೆಯದು ಎಂದು ಹೇಳಿಯಾಗಿದೆ. ಎನ್ವಿಡಿಯಾವೇ ಬೇಕೆಂದರೆ ಜಿಟಿಎಕ್ಸ್ 16 ಅಥವಾ ಆರ್‌ಟಿಎಕ್ಸ್ 20 ಸರಣಿಯಿಂದ ಮೇಲಿನದು ನೋಡಿ. ಕೆಡೆನ್‌ಲೈವ್‌ನಲ್ಲಿ ಕೆಲಸ ಮಾಡುವವರಾದರೆ ಎಎಂಡಿ ಅಥವಾ ಇಂಟೆಲ್ ಕಾರ್ಡ್ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಡಾವಿಂಚಿ ರಿಸಾಲ್ವ್ ಬಳಸುತ್ತೀರಾದರೆ ಮಾತ್ರ ಸ್ವಲ್ಪ ಯೋಚಿಸಿ: ಎಎಂಡಿ ಕಾರ್ಡಿನಲ್ಲಿ ಅದನ್ನು ನಡೆಸಲು ಓಪನ್‌ಸಿಎಲ್‌ಗಾಗಿ (ಜಿಪಿಯುವಿನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಆರ್‌ಒಸಿಎಂ ಎಂಬ ಎಎಂಡಿ ಸಾಫ್ಟ್‌ವೇರ್ ಬೇರೆಯಾಗಿ ಹಾಕಿಕೊಳ್ಳಬೇಕು, ಮತ್ತು ರಿಸಾಲ್ವ್‌ನ ಪುಕ್ಕಟೆ ಲಿನಕ್ಸ್ ಆವೃತ್ತಿ ಯಾವ ಕಾರ್ಡ್ ಇದ್ದರೂ ಎಚ್.264 ಫೈಲ್ ತೆರೆಯುವುದಿಲ್ಲ, ಅದಕ್ಕೆ ಸ್ಟುಡಿಯೋ ಆವೃತ್ತಿಯೇ ಬೇಕು.